ಅಜ್ಜನ ಕೊಳಲಿಗೂ ಐದು ನಿಮಿಷ ಕೊಡಿ



ಪೆನ್ನಿನ ಕ್ಯಾಪ್ ತುಟಿಗಿಟ್ಟು ಊದಿ ಬೈಸಿಕೊಳ್ಳದವರು ನಮ್ಮ ಕ್ಲಾಸಿನಲ್ಲಿ ಯಾರೂ ಇಲ್ಲ. ಉದ್ದ ಕ್ಯಾಪಿಗೆ ದಪ್ಪ ಸ್ವರ, ಗಿಡ್ಡ ಕ್ಯಾಪಿಗೆ ಕೀಚಲು ಸ್ವರ. ಯುರೋಪಿನ ರೊಮೇನಿಯಾ ದೇಶದಲ್ಲಿ ಇದೇ ಲೆಕ್ಕದ ಒಂದು ವಾದ್ಯ ಉಂಟು. ತಳ ಮುಚ್ಚಿದ ಇಪ್ಪತ್ತರಷ್ಟು ಕೊಳವೆಗಳನ್ನು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿರುತ್ತಾರೆ. ಬೆರಳಿಡೋ ತೂತೇ ಇಲ್ಲ. ಅದರ ಹೆಸರು ‘ನಾಯ್’. ನಗಬೇಡಿ, ಅವರ ಭಾಷೆಯಲ್ಲಿ ಹಾಗೇ ಅಂತಾರೆ.

ಮದುವೆಮನೆಗಳಲ್ಲಿ ಜನಪದ ವಾದ್ಯಗಾರರು ಊದುತ್ತಿದ್ದ ಈ ನಾಯನ್ನು 1941ರಲ್ಲಿ ಹುಟ್ಟಿದ ಗಿಯೋರ್ಗೆ ಝಮ್‌ಫೀರ್ ದೊಡ್ಡ ವಾದ್ಯವೃಂದದ ಜೊತೆ ಶಾಸ್ತ್ರೀಯ ಸಂಗೀತಕ್ಕೂ ತಂದರು. ಹಳ್ಳಿ ಧಾಟಿಯನ್ನು ಬಿಡಲಿಲ್ಲ. ನಮ್ಮ ದೇಶದಲ್ಲಿ ಪನ್ನಾಲಾಲ್ ಘೋಷ್ (1911–1960) ದನಗಾಹಿಗಳ ಕೊಳಲನ್ನೇ ಸುಮಾರು 32 ಇಂಚು ಉದ್ದ ಮಾಡಿ ಹಿಂದೂಸ್ತಾನಿ ಕಛೇರಿಗೆ ಕೂರಿಸಿದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಹೋದ ವರ್ಷ ಒಂದು ಸಮಾರಂಭದಲ್ಲಿ ನಮ್ಮ ಅಜ್ಜ ಕೊಳಲು ನುಡಿಸ್ತೀನಿ ಅಂತ ಹೋದಾಗ, “ಅದು ದನ ಕಾಯೋರ ಕೊಳಲು, ಶ್ರುತಿ ಇಲ್ಲ” ಅಂತ ವಾಪಸ್ ಕಳಿಸಿದರು. ಆಮೇಲೆ ಮೊಬೈಲಿನಿಂದ ಸಿನಿಮಾ ಹಾಡು ಹಾಕಿದರು!

ಅಜ್ಜನ ಕೊಳಲು ಕಡೂರಿನ ಸಂತೆಯಲ್ಲಿ ಕೊಂಡದ್ದು. ಒಂದು ತೂತು ಸ್ವಲ್ಪ ಏರು, ನಿಜ. ಆದರೆ ಅಜ್ಜ ತುಟಿ ಓರೆ ಮಾಡಿ ಆ ಸ್ವರ ಇಳಿಸ್ತಾನೆ. ನಾಯ್ ಊದುವವರೂ ಕೊಳವೆಯಲ್ಲಿ ಇಲ್ಲದ ಅರ್ಧ ಸ್ವರವನ್ನು ಹೀಗೇ ಓರೆ ಮಾಡಿಯೇ ತೆಗೆಯೋದು. ಅಜ್ಜನಿಗೆ ಇದನ್ನು ಯಾರೂ ಕಲಿಸಿಲ್ಲ. ಅಜ್ಜಂಪುರದ ಹತ್ತಿರ ಕಾವಲಿನಲ್ಲಿ ದನ ಮೇಯಿಸ್ತಾ ಕಲಿತದ್ದು. ಅಮೃತಮಹಲ್ ದನ ಗೊತ್ತಲ್ಲ, ಬೆದರಿದರೆ ಹಿಡಿಯೋಕಾಗಲ್ಲ. ಅಜ್ಜ ಊದಿದರೆ ಕತ್ತೆತ್ತಿ ನಿಲ್ತಾವೆ.

ನಾನು ಭಾನುವಾರ ತರೀಕೆರೆಗೆ ಕೊಳಲು ಪಾಠಕ್ಕೆ ಹೋಗ್ತೀನಿ. ಅಜ್ಜನ ಧಾಟಿ ನುಡಿಸಿದರೆ ಕೈ ಕೆಡುತ್ತೆ ಅಂತಾರೆ ಅಲ್ಲಿನ ಮೇಷ್ಟ್ರು. ಅವರು ಕ್ಷಮಿಸಬೇಕು, ನಾನು ಒಪ್ಪಲ್ಲ. ಅಜ್ಜನಿಂದಲೇ ನನಗೆ ಉಸಿರು ಹಿಡಿಯೋದು ಬಂದದ್ದು. ಶ್ರುತಿಯ ಚಿಂತೆ ಇದ್ದರೆ ಶ್ರುತಿಪೆಟ್ಟಿಗೆಯನ್ನು ಅಜ್ಜನ ಕೊಳಲಿಗೆ ಹೊಂದಿಸಿದರಾಯ್ತು.

ಈ ಸಲದ ವಾರ್ಷಿಕೋತ್ಸವದಲ್ಲಿ ನಮ್ಮಿಬ್ಬರಿಗೂ ಐದು ನಿಮಿಷ ಕೊಡಬೇಕೆಂದು ಹೆಡ್‌ಮೇಷ್ಟ್ರಲ್ಲಿ ವಿನಂತಿ. ನಾನು ಮೋಹನ ರಾಗ ನುಡಿಸ್ತೀನಿ, ಅಜ್ಜ ಕಾವಲಿನ ಧಾಟಿ. ಅಜ್ಜನನ್ನು ಕೇಳಿಯಾಗಿದೆ, ಬರ್ತಾನಂತೆ. ದನ ಹೊಡ್ಕೊಂಡು ಬರೋ ಹೊತ್ತಿಗೆ ಮುಂಚೆ ಮುಗಿಸಬೇಕಂತೆ, ಅಷ್ಟೆ.