ತಿಳಿಯಾದ ನೀರೆಲ್ಲ ಜೀವಜಲವಲ್ಲ

ಒಂದೇ ಸರೋವರದ ದಡದಲ್ಲಿ ಐವತ್ತು ವರ್ಷ ಬಾಳಿ, ಅದನ್ನೇ ನೋಡುತ್ತ ಕುಳಿತವನಿಗೆ ಕಾಣುವುದೇನು? ಸ್ವೀಡನ್ ದೇಶದ ನಿಸರ್ಗ ಚಿತ್ರಕಾರ ಗುಸ್ತಾಫ್ ಫ್ಯೇಸ್ಟಾಡ್ ಅವರ ಬದುಕೇ ಈ ಪ್ರಶ್ನೆಗೆ ಉತ್ತರವಾಗಿದೆ. 1868ರಲ್ಲಿ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಜನಿಸಿದ ಅವರು, ಸ್ವತಃ ಕಲಾವಿದೆಯಾಗಿದ್ದ ಪತ್ನಿ ಮಾಯಾ ಅವರೊಡನೆ 1898ರಲ್ಲಿ ನಗರವನ್ನು ತೊರೆದರು. ದೇಶದ ಪಶ್ಚಿಮ ಭಾಗದಲ್ಲಿರುವ ವೆರ್ಮ್‌ಲಾಂಡ್ ಪ್ರಾಂತ್ಯದ ಅರ್ವಿಕ ಪಟ್ಟಣದ ಬಳಿ, ಕಾಡಿನ ನಡುವಣ ರಾಕೆನ್ ಸರೋವರದ ಸೀಮೆಯಲ್ಲಿ ನೆಲೆಸಿದರು. 1948ರಲ್ಲಿ ಕಣ್ಮುಚ್ಚುವವರೆಗೂ ಆ ಸೀಮೆಯನ್ನೇ ತಮ್ಮದಾಗಿಸಿಕೊಂಡಿದ್ದರು.

ಯೌವನದಲ್ಲಿ ಅವರು ವನ್ಯಜೀವಿ ಚಿತ್ರಕಾರ ಬ್ರೂನೊ ಲಿಲಿಯೆಫೋರ್ಸ್ ಅವರ ಸಹಾಯಕರಾಗಿ, 1893ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ಜೀವವಿಜ್ಞಾನ ವಸ್ತುಸಂಗ್ರಹಾಲಯದ ಬೃಹತ್ ಹಿನ್ನೆಲೆ ಚಿತ್ರಗಳಿಗೆ ದುಡಿದಿದ್ದರು. ಪ್ರಾಣಿ ಪಕ್ಷಿಗಳನ್ನು ಅವುಗಳ ನೆಲೆಯೊಡನೆಯೇ ತೋರಿಸುವುದು ಆ ಸಂಗ್ರಹಾಲಯದ ಉದ್ದೇಶ. ಜೀವಿಯನ್ನು ನೆಲೆಯಿಂದ ಬೇರ್ಪಡಿಸಿ ಅರಿಯಲಾಗದು ಎಂಬ ಪರಿಸರ ವಿಜ್ಞಾನದ ಮೊದಲ ಪಾಠವೂ ಅದೇ ಅಲ್ಲವೇ?

ರಾಕೆನ್ ಸೀಮೆಗೆ ಬಂದ ಮೇಲೆ ಅವರು ಹೆಚ್ಚಾಗಿ ಚಿತ್ರಿಸಿದ್ದು ಹಿಮ ಹೊದ್ದ ಕಾಡನ್ನು, ಕೊಂಬೆಗಳ ಮೇಲೆ ಹರಳುಗಟ್ಟಿದ ತೇವವನ್ನು ಮತ್ತು ಹರಿಯುವ ನೀರಿನ ಮೈಮೇಲಿನ ಸುಳಿಗಳನ್ನು. ಬರಿಗಣ್ಣಿಗೆ ಬೆಳ್ಳಗೆ ತೋರುವ ಹಿಮದಲ್ಲಿ ನೀಲಿ, ನೇರಳೆ, ನಸುಗೆಂಪು ಬಣ್ಣಗಳಿರುವುದನ್ನು ಅವರ ಚಿತ್ರಗಳು ತೋರಿಸಿಕೊಟ್ಟವು. ಅವುಗಳಲ್ಲಿ ಮನುಷ್ಯರು ಕಾಣಿಸಿಕೊಳ್ಳುವುದು ವಿರಳ. ಕ್ರಮೇಣ ಅವರ ಸುತ್ತ ಕಲಾವಿದರ ನೆಲೆಯೊಂದು ರೂಪುಗೊಂಡಿತು. ನೀರಿನ ಅಲೆಗಳು ನೇಯ್ಗೆಯ ಚಿತ್ತಾರಗಳಾದವು. ಪೈನ್ ಮರದ ದಿಮ್ಮಿಯನ್ನು ಕೆತ್ತಿ ಪೀಠಗಳನ್ನು ಮಾಡಿದರು. ಕಾಡು ಅಲ್ಲಿ ನೋಟದ ವಸ್ತುವಾಗಿ ಉಳಿಯದೆ ಕೈಕಸುಬಿನೊಳಗೂ ಇಳಿಯಿತು. 1913ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ನಡೆದ ಸ್ಕ್ಯಾಂಡಿನೇವಿಯಾ ಕಲಾಪ್ರದರ್ಶನವನ್ನು ಕಂಡ ಕೆನಡಾದ ಚಿತ್ರಕಾರರು ತಮ್ಮ ನಾಡಿನ ಕಾಡು, ಹಿಮಗಳತ್ತ ಹೊಸ ಕಣ್ಣಿನಿಂದ ನೋಡತೊಡಗಿದರು. ಅಲ್ಲಿ ಫ್ಯೇಸ್ಟಾಡ್ ಅವರ ಚಿತ್ರಗಳೂ ಇದ್ದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಕೇವಲ ಕಲೆಯ ಚರಿತ್ರೆಯಾಗುತ್ತಿತ್ತು. ಆದರೆ ಚಿತ್ರಕಾರರು ತೀರಿಕೊಂಡು ಇಪ್ಪತ್ತು ವರ್ಷ ತುಂಬುವ ಮೊದಲೇ, 1967ರಲ್ಲಿ, ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಓಡೆನ್ ದಿನಪತ್ರಿಕೆಯೊಂದರ ಮೂಲಕ ನಾಡಿನ ಜನರಿಗೆ ಕಹಿ ಸುದ್ದಿಯೊಂದನ್ನು ತಿಳಿಸಿದರು. ಮಳೆ ಆಮ್ಲೀಯವಾಗುತ್ತಿದೆ, ಅದರಿಂದ ಸರೋವರಗಳು ಸಾಯುತ್ತಿವೆ ಎಂಬುದೇ ಆ ಸುದ್ದಿ. ಬ್ರಿಟನ್, ಜರ್ಮನಿ ಮೊದಲಾದ ದೇಶಗಳಲ್ಲಿ ಸುಟ್ಟ ಕಲ್ಲಿದ್ದಲು ಮತ್ತು ತೈಲಗಳ ಗಂಧಕವು ಗಾಳಿಯಲ್ಲಿ ತೇಲಿಬಂದು, ಮಳೆ ಹಿಮಗಳೊಡನೆ ಸ್ವೀಡನ್ನಿನ ನೆಲಕ್ಕಿಳಿಯುತ್ತಿತ್ತು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲಿನ ತೆಳುಮಣ್ಣಿಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ವೆರ್ಮ್‌ಲಾಂಡ್ ಪ್ರಾಂತ್ಯವೂ ಈ ಹಾನಿಯಿಂದ ಪಾರಾಗಲಿಲ್ಲ. ನೀರಿನ ಪಿಎಚ್ ಮೌಲ್ಯ 6ರಿಂದ 5ಕ್ಕೆ ಇಳಿದರೆ ಆಮ್ಲೀಯತೆ ಹತ್ತುಪಟ್ಟು ಏರಿದಂತೆ. ಆಗ ಮಣ್ಣಿನಿಂದ ಕರಗಿಬಂದ ಅಲ್ಯೂಮಿನಿಯಂ ಮೀನುಗಳ ಕಿವಿರುಗಳಿಗೆ ಅಂಟಿ ಅವುಗಳ ಉಸಿರನ್ನು ಕಟ್ಟುತ್ತದೆ.

ಇದರಲ್ಲಿ ಒಂದು ಕ್ರೂರ ವ್ಯಂಗ್ಯವಿದೆ. ಆಮ್ಲೀಯವಾದ ಸರೋವರ ಕೊಳಕಾಗಿ ಕಾಣುವುದಿಲ್ಲ. ಜೀವಿಗಳು ಇಲ್ಲವಾದಂತೆ ನೀರು ಮತ್ತಷ್ಟು ತಿಳಿಯಾಗುತ್ತದೆ, ನೀಲಿಯಾಗುತ್ತದೆ. ದಡದಲ್ಲಿ ನಿಂತ ರಸಿಕನಿಗೆ ಅದು ಹಿಂದೆಂದಿಗಿಂತ ಸುಂದರವಾಗಿ ತೋರೀತು. ಮೀನು ಸಿಗದೆ ಬರಿಗೈಯಲ್ಲಿ ಮರಳುವ ಬೆಸ್ತನಿಗೆ ಮತ್ತು ನೀರನ್ನು ಅಳೆಯುವ ವಿಜ್ಞಾನಿಗೆ ಮಾತ್ರ ಸತ್ಯ ಗೊತ್ತಿರುತ್ತದೆ.

ಹಾಗಾದರೆ ಚಿತ್ರಕಾರನ ಐವತ್ತು ವರ್ಷಗಳ ನೋಟ ವ್ಯರ್ಥವೇ? ಖಂಡಿತ ಅಲ್ಲ. ತನ್ನದೆಂದು ಪ್ರೀತಿಸದ ನೀರಿಗಾಗಿ ಯಾವ ಸಮಾಜವೂ ಹೋರಾಡುವುದಿಲ್ಲ. ಸರೋವರವನ್ನು ನಾಡಿನ ಮನಸ್ಸಿನಲ್ಲಿ ನೆಲೆಗೊಳಿಸಿದ್ದು ಕಲೆ. ಅದಕ್ಕೆ ತಗಲಿದ ರೋಗವನ್ನು ಪತ್ತೆಹಚ್ಚಿದ್ದು ವಿಜ್ಞಾನ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಈ ಅನ್ಯಾಯವನ್ನು ಜಗತ್ತಿನ ಮುಂದಿಟ್ಟಿತು. 1979ರಲ್ಲಿ ಗಡಿ ದಾಟುವ ವಾಯುಮಾಲಿನ್ಯದ ವಿರುದ್ಧ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1985ರ ಹೆಲ್ಸಿಂಕಿ ಕರಾರಿನಲ್ಲಿ ಗಂಧಕದ ಹೊರಸೂಸುವಿಕೆಯನ್ನು ಶೇಕಡ 30ರಷ್ಟು ತಗ್ಗಿಸುವ ಗುರಿ ನಿಗದಿಯಾಯಿತು. ಇಂದು ಯುರೋಪಿನ ಗಂಧಕ ಮಾಲಿನ್ಯ 1980ರಲ್ಲಿದ್ದುದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಆದರೂ ಸ್ವೀಡನ್ನಿನ ಅನೇಕ ಸರೋವರಗಳಿಗೆ ಇಂದಿಗೂ ಸುಣ್ಣಕಲ್ಲಿನ ಪುಡಿ ಸುರಿಯಬೇಕಾಗಿದೆ. ದಶಕಗಳ ಕಾಲ ಕೊಚ್ಚಿಹೋದ ಸುಣ್ಣ ಮೆಗ್ನೀಸಿಯಂಗಳ ಸತ್ವವನ್ನು ಮಣ್ಣು ಮರಳಿ ಗಳಿಸಿಕೊಳ್ಳುವುದು ಬಹಳ ನಿಧಾನ. ಕೆಡಿಸಲು ಒಂದು ತಲೆಮಾರು ಸಾಕು. ಸರಿಪಡಿಸಲು ಹಲವು ತಲೆಮಾರುಗಳು ಬೇಕು.

ತಮ್ಮ ಊರಿನ ಹಳ್ಳ, ಕೆರೆಗಳನ್ನು ಅಕ್ಕರೆಯಿಂದ ನೋಡುವ ಹಿರಿಯರು ಎಲ್ಲೆಡೆ ಇದ್ದಾರೆ. ನೀರನ್ನು ಅಳೆಯಲು ಕಲಿಯುವ ವಿದ್ಯಾರ್ಥಿಗಳೂ ಇದ್ದಾರೆ. ಯಾವ ವರ್ಷ ಯಾವ ಮೀನು ಕಾಣೆಯಾಯಿತು ಎಂಬ ಹಿರಿಯರ ನೆನಪು, ವಿದ್ಯಾರ್ಥಿಗಳ ಪುಸ್ತಕದಲ್ಲಿ ದಾಖಲಾಗಬೇಕು. ಹಾಗಾಗದಿದ್ದರೆ ಮುಂದಿನವರಿಗೆ ಉಳಿಯುವುದು ತಿಳಿಯಾದ, ನಿರ್ಜೀವವಾದ ನೀರು ಮಾತ್ರ.