ಗುಜರಿಯವರೂ ಕೊಳ್ಳದ ಪ್ಲಾಸ್ಟಿಕ್: ಮರುಬಳಕೆಯ ಭರವಸೆ ಸೋತದ್ದೆಲ್ಲಿ?

ಆಂಧ್ರಪ್ರದೇಶ ಸರ್ಕಾರವು 2025ರ ಜನವರಿಯಿಂದ ಪ್ರತಿ ತಿಂಗಳ ಮೂರನೆಯ ಶನಿವಾರವನ್ನು ‘ಸ್ವರ್ಣ ಆಂಧ್ರ – ಸ್ವಚ್ಛ ಆಂಧ್ರ’ ಕಾರ್ಯಕ್ರಮಕ್ಕೆ ಮೀಸಲಿಟ್ಟಿದೆ. ಶುಚಿತ್ವದ ಅಭ್ಯಾಸವನ್ನು ಎಳವೆಯಲ್ಲಿಯೇ ಬೆಳೆಸುವುದು ಒಳ್ಳೆಯ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗುಡಿಸಿ ಚೀಲಕ್ಕೆ ತುಂಬಿದ ಪ್ಲಾಸ್ಟಿಕ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಗುವೊಂದು ಕೇಳಿದರೆ, ‘ಮರುಬಳಕೆಗೆ’ ಎಂಬ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಾಗುವುದು ಹಿರಿಯರಿಗೆ ರೂಢಿಯಾಗಿದೆ. ಈ ಉತ್ತರ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪೋಷಕರೊಡನೆ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2019ರಲ್ಲಿ ಜಗತ್ತಿನಲ್ಲಿ 35.3 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯ ಉಂಟಾಯಿತು. ಅದರಲ್ಲಿ ಮರುಬಳಕೆಯಾದುದು ಶೇ. 9 ಮಾತ್ರ. ಸುಮಾರು ಅರ್ಧದಷ್ಟು ಭೂಭರ್ತಿಗೆ ಸೇರಿತು, ಶೇ. 19 ಕಾರ್ಖಾನೆಗಳ ಕುಲುಮೆಯಲ್ಲಿ ಉರಿಯಿತು, ಶೇ. 22 ಯಾವ ವ್ಯವಸ್ಥೆಗೂ ಸಿಗದೆ ಬಯಲು, ಹಳ್ಳ, ಕೆರೆಗಳ ಪಾಲಾಯಿತು. ಶ್ರೀಮಂತ ದೇಶಗಳನ್ನೂ ಒಳಗೊಂಡ ಲೆಕ್ಕ ಇದು. ಆದ್ದರಿಂದ ಮರುಬಳಕೆಯ ಸೋಲಿಗೆ ನಮ್ಮ ಜನರ ಅಶಿಸ್ತೊಂದೇ ಕಾರಣವೆನ್ನುವ ಮಾತು ನಿಲ್ಲುವುದಿಲ್ಲ.

ಕಾರಣವನ್ನು ಅರಿಯಲು ದೂರ ಹೋಗಬೇಕಾಗಿಯೂ ಇಲ್ಲ. ಊರಿನ ಗುಜರಿ ಅಂಗಡಿಯೇ ಇದಕ್ಕೆ ಒಳ್ಳೆಯ ಪಾಠಶಾಲೆ. ನೀರಿನ ಬಾಟಲಿ, ಒಡೆದ ಬಕೆಟ್ಟು, ಎಣ್ಣೆಯ ಕ್ಯಾನು, ಹಳೆಯ ಪೈಪುಗಳಿಗೆ ಅಲ್ಲಿ ಬೆಲೆಯುಂಟು. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಷೆ, ಗುಟ್ಕಾ ಚೀಟಿಗಳನ್ನು ಒಂದು ಮೂಟೆಯಷ್ಟು ಒಯ್ದರೂ ಯಾರೂ ಕೊಳ್ಳರು. ಇಂತಹ ಬಹುತೇಕ ಪೊಟ್ಟಣಗಳಲ್ಲಿ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ ಪದರಗಳನ್ನು, ಕೆಲವೊಮ್ಮೆ ಅಲ್ಯೂಮಿನಿಯಂ ಲೇಪವನ್ನೂ ಸೇರಿಸಿ ಒಂದಾಗಿ ಅಂಟಿಸಿರುತ್ತಾರೆ. ಆ ಪದರಗಳನ್ನು ಬಿಡಿಸುವ ವೆಚ್ಚ, ಬಿಡಿಸಿದ ಮೇಲೆ ದೊರೆಯುವ ವಸ್ತುವಿನ ಬೆಲೆಗಿಂತ ಹೆಚ್ಚು. ಹಗುರವಾದ ಕಾರಣ ದಿನವಿಡೀ ಆಯ್ದರೂ ತೂಕ ಬರುವುದಿಲ್ಲ. ಹೀಗಾಗಿ ಚಿಂದಿ ಆಯುವವರೂ ಅವನ್ನು ಮುಟ್ಟುವುದಿಲ್ಲ.

ಬೆಲೆಯುಳ್ಳ ಪ್ಲಾಸ್ಟಿಕ್‌ನ ಕಥೆಯೂ ಪೂರ್ಣ ಸುಖಾಂತವಲ್ಲ. ಕಬ್ಬಿಣವನ್ನಾಗಲಿ ಗಾಜನ್ನಾಗಲಿ ಮತ್ತೆ ಮತ್ತೆ ಕರಗಿಸಿ ಅದೇ ವಸ್ತುವನ್ನು ಮಾಡಬಹುದು. ಪ್ಲಾಸ್ಟಿಕ್‌ನ ಗುಣ ಹಾಗಲ್ಲ. ಕರಗಿಸಿದಂತೆಲ್ಲ ಅದರ ಅಣುಸರಪಳಿಗಳು ತುಂಡಾಗಿ ಕಸುವು ಕುಂದುತ್ತದೆ. ಆದಕಾರಣ ಬಹುಪಾಲು ಬಾಟಲಿಗಳು ಮತ್ತೆ ಬಾಟಲಿಯಾಗದೆ ನೂಲೋ ಹಗ್ಗವೋ ಆಗಿ, ಅಲ್ಲಿಂದ ಕಸದ ಗುಂಡಿಗೆ ಸೇರುತ್ತವೆ. ಪ್ಲಾಸ್ಟಿಕ್ ಬೆರೆಸಿದ ಡಾಂಬರು ರಸ್ತೆಗಳ ಪ್ರಯೋಗ ಬೆಂಗಳೂರಿನಲ್ಲಿ ಎರಡು ದಶಕಗಳ ಹಿಂದೆಯೇ ನಡೆಯಿತು. ಅದು ಉಪಯುಕ್ತವೇ ಆದರೂ ಹೊಸ ಪ್ಲಾಸ್ಟಿಕ್‌ನ ತಯಾರಿಕೆಯನ್ನು ಒಂದು ಕಿಲೋದಷ್ಟೂ ಕಡಿಮೆ ಮಾಡುವುದಿಲ್ಲ.

ಇದರ ಪರಿಣಾಮವನ್ನು ಮೊದಲು ಉಂಡವರು ಮಾತು ಬಾರದವರು. ನಮ್ಮ ಜಿಲ್ಲಾ ಕೇಂದ್ರವಾದ ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಯು ಬೀದಿ ಹಸುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದಾಗ, ಅವುಗಳ ಹೊಟ್ಟೆಯಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರಬಂದಿತು. ಗಂಟು ಕಟ್ಟಿ ಎಸೆದ ಕ್ಯಾರಿಬ್ಯಾಗಿನೊಳಗಿನ ಅನ್ನದ ವಾಸನೆಗೆ ಹಸುಗಳು ಚೀಲವನ್ನೇ ನುಂಗಿದ್ದವು. ಆ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ದೇಶದ ಗಮನ ಸೆಳೆದ ಆ ಮೊಕದ್ದಮೆ ಚಿತ್ರಾವತಿಯ ದಡದಿಂದಲೇ ಹೊರಟಿತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ದಪ್ಪದ ಲೆಕ್ಕವಿಲ್ಲದೆ ನಿಷೇಧಿಸಿತು. ಕೇಂದ್ರದ ನಿಯಮ ದಪ್ಪವನ್ನು ನೋಡುತ್ತದೆ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲಗಳಿಗೆ ಮಾತ್ರ ಅದು ತಡೆ ಹಾಕುತ್ತದೆ. ಅಂದರೆ ಕೇಂದ್ರದ ನಿಯಮ ಒಪ್ಪುವ ಚೀಲವೊಂದು ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬಾಗೇಪಲ್ಲಿಗೆ ಹೋದರೆ ನಿಷಿದ್ಧವಾಗುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವರು ಮೈಕ್ರಾನನ್ನು ಅಳೆಯುವುದಾದರೂ ಹೇಗೆ? ಇನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿತವಾದ ತಟ್ಟೆ, ಲೋಟ, ಸ್ಟ್ರಾಗಳ ಪಟ್ಟಿಯಲ್ಲಿ ಚಿಪ್ಸ್ ಪೊಟ್ಟಣವೂ ಇಲ್ಲ, ಶಾಂಪೂ ಸ್ಯಾಷೆಯೂ ಇಲ್ಲ. ಗುಜರಿಯವರು ಕೊಳ್ಳದ ವಸ್ತುವನ್ನೇ ಕಾನೂನೂ ಕೈಬಿಟ್ಟಿದೆ.

ಅದಕ್ಕೆ ಬದಲಾಗಿ ಸರ್ಕಾರ ನೆಚ್ಚಿರುವುದು ‘ತಯಾರಕರ ವಿಸ್ತೃತ ಹೊಣೆಗಾರಿಕೆ’ಯನ್ನು. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ, ಪೊಟ್ಟಣದಲ್ಲಿ ಸರಕು ಮಾರುವ ಕಂಪನಿಯು ನಿಗದಿಯಾದಷ್ಟು ಪ್ಲಾಸ್ಟಿಕ್‌ನ ವಿಲೇವಾರಿಗೆ ಹೊಣೆಯಾಗಬೇಕು. ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡು ಆ ಲೆಕ್ಕವನ್ನು ತೋರಿಸಬಹುದು. ತತ್ತ್ವ ಸರಿಯಾಗಿದೆ. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ, ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವೇ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದು ಬಯಲಾಯಿತು. ಕಾಗದದ ಮೇಲೆ ಮರುಬಳಕೆಯಾದ ಪ್ಲಾಸ್ಟಿಕ್ ನೆಲದ ಮೇಲೆ ಹಾಗೆಯೇ ಉಳಿಯಿತು.

ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಸ್ಥಿತಿ ಆಶಾದಾಯಕವಾಗಿಲ್ಲ. ಪ್ಲಾಸ್ಟಿಕ್ ಒಪ್ಪಂದಕ್ಕಾಗಿ 2024ರ ಕೊನೆಯಲ್ಲಿ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಬರಿಗೈಯಲ್ಲಿ ಮರಳಿದವು. ಹೊಸ ಪ್ಲಾಸ್ಟಿಕ್‌ನ ಉತ್ಪಾದನೆಗೇ ಮಿತಿ ಹಾಕಬೇಕೋ, ಕಸದ ನಿರ್ವಹಣೆಯಷ್ಟೇ ಸಾಕೋ ಎಂಬುದೇ ಅಲ್ಲಿಯ ಮುಖ್ಯ ವಿವಾದವಾಗಿತ್ತು. ನಲ್ಲಿಯನ್ನು ತೆರೆದಿಟ್ಟು ನೆಲ ಒರೆಸುವವರ ಪಾಡು ಜಗತ್ತಿನದು.

ಹಾಗಾದರೆ ಮಕ್ಕಳ ಕೈಯಲ್ಲಿ ಪೊರಕೆ ಕೊಡುವುದನ್ನು ಬಿಡಬೇಕೇ? ಬೇಡ. ಪೊರಕೆಯ ಜೊತೆಗೆ ಪ್ರಶ್ನೆಯನ್ನೂ ಕೊಡೋಣ. ಪೋಷಕರ ಮುಂದೆ ನಾವು ಇಡುವ ಸಲಹೆಗಳು ನಾಲ್ಕು.

ಮೊದಲನೆಯದು ಶಾಲೆಯ ಒಳಗಿನದು. ಮಧ್ಯಾಹ್ನದ ಊಟದ ಯೋಜನೆಯಲ್ಲಿ ಕೊಡುವ ಕಡಲೆಕಾಯಿ ಚಿಕ್ಕಿಯೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬರುತ್ತದೆ. ಕಡಲೆಕಾಯಿ ನಮ್ಮ ಸೀಮೆಯ ಬೆಳೆ. ಚಿಕ್ಕಿಯನ್ನು ಸ್ಥಳೀಯ ಮಹಿಳಾ ಸಂಘಗಳಿಂದ ಮಾಡಿಸಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಶಾಲೆಗೆ ತಲುಪಿಸಲು ಸಾಧ್ಯವಿಲ್ಲವೇ ಎಂದು ಶಾಲಾ ಸಮಿತಿಯ ಸಭೆಯಲ್ಲಿ ಕೇಳಬಹುದು.

ಎರಡನೆಯದು ಗ್ರಾಮಸಭೆಯಲ್ಲಿ ಕೇಳಬೇಕಾದದ್ದು. ಸಂಗ್ರಹಿಸಿದ ಪ್ಲಾಸ್ಟಿಕ್‌ನಲ್ಲಿ ಎಷ್ಟು ಮಾರಾಟವಾಯಿತು, ಮಾರಾಟವಾಗದ ಭಾಗ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಪಂಚಾಯಿತಿ ಓದಿ ಹೇಳಲಿ. ಕಸ ವಿಂಗಡಣೆಯ ಸೂಚನೆಗಳು ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಇರಲಿ. ಅರ್ಥವಾಗದ ನಿಯಮವನ್ನು ಯಾರೂ ಪಾಲಿಸಲಾರರು.

ಮೂರನೆಯದು ಬೆಂಕಿಗೆ ಸಂಬಂಧಿಸಿದ್ದು. ಶಾಲೆಯ ಮೂಲೆಯಲ್ಲಾಗಲಿ, ತೋಟದ ಬದುವಿನಲ್ಲಾಗಲಿ ಪ್ಲಾಸ್ಟಿಕ್ ಸುಡುವುದು ನಿಲ್ಲಬೇಕು. ಪಿವಿಸಿ ಸುಟ್ಟಾಗ ಹೊಮ್ಮುವ ಡಯಾಕ್ಸಿನ್‌ಗಳು ಕ್ಯಾನ್ಸರ್‌ಕಾರಕ. ಟೊಮೆಟೊ ಸಾಲಿಗೆ ಹಾಸಿದ ಮಲ್ಚಿಂಗ್ ಶೀಟನ್ನು ಮಣ್ಣಿನಲ್ಲಿ ಉತ್ತುಬಿಡುವುದೂ ಸಲ್ಲದು. ಅದು ಚೂರುಚೂರಾಗಿ ಹೊಲದಲ್ಲೇ ಉಳಿಯುತ್ತದೆ.

ನಾಲ್ಕನೆಯದು ಮಕ್ಕಳ ಪಾಠ. ಬಹುಪದರದ ಹೊದಿಕೆಯ ಮೇಲೆ ತಯಾರಕರ ವಿವರ ಇರಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಒಂದು ವಾರ ತರಗತಿಯಲ್ಲಿ ಸೇರಿದ ಹೊದಿಕೆಗಳನ್ನು ಮಕ್ಕಳು ಕಂಪನಿವಾರು ಎಣಿಸಲಿ. ಪಟ್ಟಿ ಮಾಡಿ, ‘ಇವನ್ನು ನೀವು ಮರಳಿ ಪಡೆಯುವುದು ಯಾವಾಗ?’ ಎಂದು ಕನ್ನಡದಲ್ಲಿಯೇ ಪತ್ರ ಬರೆಯಲಿ. ಗಣಿತ, ಪರಿಸರ, ಪತ್ರಲೇಖನ ಮೂರೂ ಒಂದೇ ಪಾಠದಲ್ಲಿ ಆದವು.

ಬಟ್ಟೆಯ ಕೈಚೀಲ, ಮುತ್ತುಗದೆಲೆಯ ಊಟ, ಪಾತ್ರೆಯಲ್ಲಿ ಹಾಲು ತರುವುದು ನಮ್ಮ ಹಿರಿಯರಿಗೆ ಹೊಸ ಪಾಠಗಳಾಗಿರಲಿಲ್ಲ. ಅವನ್ನು ಮರಳಿ ರೂಢಿಸಿಕೊಳ್ಳುವುದು ಮನೆಯ ಹೊಣೆ. ಆದರೆ ಮರುಬಳಕೆಯಾಗದ ಪೊಟ್ಟಣವನ್ನು ತಯಾರಿಸಿ ಲಾಭ ಪಡೆದವರ ಹೊಣೆಯನ್ನು ಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂದಿನ ಮೂರನೆಯ ಶನಿವಾರ ಮಕ್ಕಳು ಶಾಲೆಯ ಅಂಗಳವನ್ನು ಗುಡಿಸುವಾಗ ಈ ಎರಡು ಹೊಣೆಗಳ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳೋಣ.