ಬಿಟ್ಟುಹೋದ ವಚನ

ಕತ್ರಿಗುಪ್ಪೆಯ ವಾಚಕಿಯೊಬ್ಬರು ಕೇಳಿರುವ ಪ್ರಶ್ನೆಯು ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಏಳತಕ್ಕದ್ದೇ ಆಗಿದೆ. ಅವರ ಮನೆಯ ಸಾಯಂಪ್ರಾರ್ಥನೆಯಲ್ಲಿ ಅತ್ತೆಯವರು ಪೂರ್ವಿಕರಿಂದ ಬಂದ ಹಳೆಯ ಸತ್ಯವೇದವನ್ನೂ ಮಕ್ಕಳು ಈಚಿನ ಭಾಷಾಂತರವನ್ನೂ ಹಿಡಿದು ಕುಳಿತುಕೊಳ್ಳುತ್ತಾರೆ. ಯೋಹಾನನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಪರಲೋಕದಲ್ಲಿ ಸಾಕ್ಷಿಕೊಡುವ ಮೂವರನ್ನು ಕುರಿತ ಮಾತು ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ದೇವರ ವಾಕ್ಯಕ್ಕೇ ಕತ್ತರಿ ಹಾಕಿದ ಪುಸ್ತಕವು ಈ ಮನೆಯಲ್ಲಿರಕೂಡದೆಂದು ಅತ್ತೆಯವರು; ಹಾಗಾದರೆ ತಾವು ಪ್ರಾರ್ಥನೆಗೇ ಬರುವುದಿಲ್ಲವೆಂದು ಮಕ್ಕಳು. ನ್ಯಾಯವು ಯಾರ ಕಡೆ ಇದೆಯೆಂದು ಸೊಸೆಯವರು ಕೇಳುತ್ತಾರೆ.

ಹಿರಿಯರ ಭಯವನ್ನು ಹಗುರವಾಗಿ ಎಣಿಸಲಾಗದು. ಪ್ರಕಟನೆಯ ಕಡೆಯ ಅಧ್ಯಾಯವು ಆ ಗ್ರಂಥದ ಮಾತುಗಳನ್ನು ತೆಗೆದುಹಾಕುವವನನ್ನು ಕಠಿನವಾಗಿ ಎಚ್ಚರಿಸುತ್ತದೆ. ಆದರೆ ಅದಕ್ಕೂ ಮೊದಲು ಅಲ್ಲಿ ಎಚ್ಚರಿಕೆ ಹೊಂದುವವನು ಕೂಡಿಸುವವನು. ನಾವು ಕಳ್ಳನಿಗೆ ಹೆದರುವಷ್ಟು ಕಲಬೆರಕೆಯವನಿಗೆ ಹೆದರುವುದಿಲ್ಲ.

ಈ ವಚನದ ಚರಿತ್ರೆಯನ್ನು ನೋಡಿರಿ. ಎರಾಸ್ಮಸನು 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದಾಗ ಅದನ್ನು ಸೇರಿಸಲಿಲ್ಲ. ಅವನ ಕೈಗೆ ಸಿಕ್ಕಿದ ಗ್ರೀಕ್ ಪ್ರತಿಗಳಲ್ಲಿ ಅದು ಇರಲೇ ಇಲ್ಲ. ಲತೀನ್ ಪ್ರತಿಗಳಲ್ಲಿ ಅದನ್ನು ಓದಿ ರೂಢಿಯಾಗಿದ್ದವರು ಕೂಗೆಬ್ಬಿಸಿದರು. ಬಳಿಕ ಆ ಮಾತುಳ್ಳ ಒಂದು ಗ್ರೀಕ್ ಪ್ರತಿಯು ಮುಂದೆ ಬರಲಾಗಿ, 1522ರ ಮೂರನೆಯ ಮುದ್ರಣದಲ್ಲಿ ಅವನು ಅದನ್ನು ಸೇರಿಸಿದನು. ಅಲ್ಲಿಂದ ಅದು 1611ರ ಇಂಗ್ಲಿಷ್ ಭಾಷಾಂತರಕ್ಕೂ ಬಂದಿತು. ಆದರೆ ಹದಿನಾಲ್ಕನೆಯ ಶತಮಾನಕ್ಕೆ ಹಿಂದಿನ ಯಾವ ಗ್ರೀಕ್ ಕೈಬರಹದ ಪಾಠದಲ್ಲಿಯೂ ಆ ಮಾತು ಕಂಡುಬಂದಿಲ್ಲ. ಸೀನಾಯಿ ಬೆಟ್ಟದ ಮಠದಲ್ಲಿ ಟಿಶೆಂಡಾರ್ಫನಿಗೆ 1859ರಲ್ಲಿ ದೊರೆತ, ನಾಲ್ಕನೆಯ ಶತಮಾನದ ಪ್ರತಿಯಲ್ಲಿಯೂ ಇಲ್ಲ. ಆದುದರಿಂದ ಹೊಸ ಪುಸ್ತಕದವರು ಅಪೊಸ್ತಲನ ಮಾತನ್ನು ಬಿಟ್ಟಿಲ್ಲ. ನಕಲುಗಾರನ ಮಾತನ್ನು ಬಿಟ್ಟಿದ್ದಾರೆ. ತ್ರಯೇಕ ದೇವರಲ್ಲಿಡುವ ವಿಶ್ವಾಸವು ಈ ಒಂದು ವಚನದ ಮೇಲೆ ನಿಂತದ್ದೂ ಅಲ್ಲ.

ಅತ್ತೆಯವರ ಸತ್ಯವೇದವಾದರೂ ತಿದ್ದದೆ ಬಂದದ್ದೇ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಾಕಿದರು. ಇಡೀ ಸತ್ಯವೇದವು ಕನ್ನಡದಲ್ಲಿ 1831ರಲ್ಲಿ ಹೊರಬಂದಿತು. ಅದು ಸಾಲದೆಂದು ಬಾಸೆಲ್ ಮಿಷನ್ನಿನ ವೈಗ್ಲೆಯವರೂ, ಇದೇ ಬೆಂಗಳೂರಿನಲ್ಲಿದ್ದ ಬೆಂಜಮಿನ್ ರೈಸರೂ (ಶಾಸನಗಳ ಲೂಯಿಸ್ ರೈಸರ ತಂದೆ) ಅದರ ತಿದ್ದುಪಡಿಗೆ ದುಡಿದರು. ಆ ಶ್ರಮವನ್ನು ಅಂದು ಯಾರಾದರೂ ದ್ರೋಹವೆಂದು ತಡೆದಿದ್ದರೆ ಅತ್ತೆಯವರ ಮೆಚ್ಚಿನ ಪುಸ್ತಕವು ಅವರ ಕೈಸೇರುತ್ತಿರಲಿಲ್ಲ.

ಹಾಗೆಂದು ಹೊಸತೆಲ್ಲವನ್ನೂ ನಾನು ಒಪ್ಪುವವನಲ್ಲ. ಹಳೆಯ ಪುಸ್ತಕದಲ್ಲಿ ‘ಯೆಹೋವ’ ಎಂದಿರುವ ಕಡೆ ಈಚಿನದೊಂದರಲ್ಲಿ ‘ಸರ್ವೇಶ್ವರ’ ಎಂದಿದೆ. ಇಬ್ರಿಯದ ಆ ನಾಲ್ಕು ಅಕ್ಷರಗಳನ್ನು ಯೆಹೂದ್ಯರೇ ಉಚ್ಚರಿಸದೆ ‘ಒಡೆಯ’ ಎಂಬರ್ಥದ ಪದವನ್ನು ಓದುತ್ತಿದ್ದರು. ಗ್ರೀಕ್ ಭಾಷಾಂತರದಲ್ಲಿಯೂ ಹಾಗೆಯೇ ನಡೆದುಬಂದಿತು. ಆದಕಾರಣ ಸರ್ವೇಶ್ವರನಿಗೂ ಪ್ರಾಚೀನವಾದ ಆಧಾರವುಂಟು. ಆದರೂ ಹೆಸರು ಬೇರೆ, ಬಿರುದು ಬೇರೆ. ಹೆಸರಿದ್ದೆಡೆಯಲ್ಲಿ ಬಿರುದನ್ನಿಟ್ಟವರು ಹಾಗೆ ಮಾಡಿದ್ದೇವೆಂದು ಓದುವವರಿಗೆ ತಿಳಿಸಬೇಕು. ಕಿವಿಗೆ ಇಂಪಾಗಲೆಂದು ಕಠಿನವಾದ ಮಾತನ್ನು ಮೆತ್ತಗೆ ಮಾಡುವವರ ಪುಸ್ತಕವನ್ನಂತೂ ನಾನು ಪ್ರಾರ್ಥನೆಯ ಮೇಜಿನ ಮೇಲೆ ಇಡಲಾರೆನು. ಅದಕ್ಕಿಂತ ಪಾದ್ರಿಗಳ ಒರಟು ಕನ್ನಡವೇ ಮೇಲು.

ಸೊಸೆಯವರು ಇಷ್ಟು ಮಾಡಬಹುದು. ಅತ್ತೆಯವರು ತಮ್ಮ ಪುಸ್ತಕದಿಂದಲೇ ಗಟ್ಟಿಯಾಗಿ ಓದಲಿ. ಮಕ್ಕಳು ತಮ್ಮದರಲ್ಲಿ ಹಿಂಬಾಲಿಸಲಿ. ಭೇದವು ಕಂಡಲ್ಲಿ ಅಡಿಟಿಪ್ಪಣಿಯನ್ನೂ ಕಂಸಗಳನ್ನೂ ನೋಡುವ ಅಭ್ಯಾಸವಾಗಲಿ. ಕರ್ತನ ಪ್ರಾರ್ಥನೆಯ ಕಡೆಗೆ ಬರುವ ಸ್ತುತಿಯೂ ಮತ್ತಾಯನ ಅತಿ ಪ್ರಾಚೀನ ಪ್ರತಿಗಳಲ್ಲಿ ಇಲ್ಲವೆಂಬುದನ್ನು ಅವರು ಅಲ್ಲಿಯೇ ಕಾಣುವರು. ಅದನ್ನು ಹೇಳುವುದನ್ನು ಅತ್ತೆಯವರು ಬಿಡಬೇಕಾಗಿಲ್ಲ. ಆದಿಸಭೆಯವರು ಪ್ರಾರ್ಥನೆಯಲ್ಲಿ ಅಂಥ ಸ್ತುತಿಯನ್ನು ಹೇಳುತ್ತಿದ್ದರು. ಅದಕ್ಕೆ ಮುಂಚೆಯೇ ಆಮೆನ್ ಹೇಳಿ ಕಣ್ಣು ತೆರೆದ ಮೊಮ್ಮಗನನ್ನು ಗದರಿಸದಿದ್ದರೆ ಸಾಕು.